ಈ ಮನೆಗೆ ಮೇಸ್ತ್ರಿ ಯಾರು

ಕೆಜಿಎಫ್‌ನ ಆಂಡರ್ಸನ್‌ಪೇಟೆಯ ಯಾವುದಾದರೂ ಬೀದಿಯಲ್ಲಿ ನಿಂತು, ಬಿರುಕು ಬಿಡದೆ ನೆಟ್ಟಗಿರುವ ಒಂದು ಮನೆ ತೋರಿಸಿ ಇದನ್ನು ಕಟ್ಟಿದವರು ಯಾರೆಂದು ಕೇಳಿ ನೋಡಿ. ಮುನಿರಾಜ್ ಮೇಸ್ತ್ರಿ ಎಂಬ ಉತ್ತರ ಥಟ್ಟನೆ ಬರುತ್ತದೆ. ಹೇಳಿದವರು ಸುಳ್ಳುಗಾರರೇನಲ್ಲ ಪಾಪ, ಕಣ್ಣಿಗೆ ಕಂಡದ್ದನ್ನು ಹೇಳುತ್ತಾರೆ. ಮನೆಯವರ ಎದುರು ಕುರ್ಚಿಯಲ್ಲಿ ಕೂತು ಕೆಲಸ ಒಪ್ಪಿಕೊಂಡವನು ಮುನಿರಾಜ್. ಇಸ್ತ್ರಿ ಅಂಗಿ ತೊಟ್ಟು ಬೈಕಿನಿಂದ ಇಳಿದವನು ಮುನಿರಾಜ್. ಸಿಮೆಂಟ್ ಅಂಗಡಿಯವನ ಜೊತೆ ಫೋನಿನಲ್ಲಿ ಜಗಳವಾಡಿದವನೂ ಅವನೇ. ಅಷ್ಟು ಹೊತ್ತೂ ಪಾಯದ ಮೇಲೆ ಮಂಡಿಯೂರಿ, ದಾರ ಎಳೆದು ಕಟ್ಟಿ, ಮೂಲೆಗಳನ್ನು ಎತ್ತಿ, ತೂಗುಗುಂಡು ಇಳಿಬಿಟ್ಟು ಗೋಡೆ ಸೊಟ್ಟ ಹೋಗದಂತೆ ನೋಡಿಕೊಂಡವಳು ಅವನ ಅಕ್ಕ ಕದಿರಮ್ಮ. ಆಳುಗಳಿಗೆ ಅವಳು ಕದಿರಕ್ಕ. ಮನೆಯವರಿಗೆ ಮೇಸ್ತ್ರಿಯ ಅಕ್ಕ. ಹೆಸರು ಗೊತ್ತಿಲ್ಲದವರಿಗೆ ಬರೀ ಏನಮ್ಮಾ.

ಕದಿರಮ್ಮನಿಗೆ ಐವತ್ತು ದಾಟಿದೆ. ಬಂಗಾರಪೇಟೆಯಿಂದ ಆಚೆ ಒಂದು ಹಳ್ಳಿ ಅವಳದು. ಗಂಡ ಬಚ್ಚಪ್ಪ ಹಸು ಕಟ್ಟಿಕೊಂಡು ಡೇರಿಗೆ ಹಾಲು ಹಾಕುತ್ತಾನೆ, ಇರುವ ತುಂಡು ಹೊಲದಲ್ಲಿ ರಾಗಿ ಬೆಳೆಯುತ್ತಾನೆ. ಬೆಳಿಗ್ಗೆ ಅವನು ಹಾಲಿನ ಕ್ಯಾನು ಹಿಡಿದು ಒಂದು ದಿಕ್ಕಿಗೆ, ಇವಳು ಮುದ್ದೆಯ ಡಬ್ಬಿ ಹಿಡಿದು ಇನ್ನೊಂದು ದಿಕ್ಕಿಗೆ. ಬಂಗಾರಪೇಟೆಯಲ್ಲಿ ಮಾರಿಕುಪ್ಪಂ ರೈಲು ಹತ್ತಿದರೆ ಚಾಂಪಿಯನ್ ಸ್ಟೇಷನ್ ಬರುವವರೆಗೂ ಅವಳಿಗೆ ಕಿಟಕಿಯ ಪಕ್ಕವೇ ಬೇಕು. ಚಿನ್ನದ ಗಣಿಯ ಮಣ್ಣು ಸುರಿದ ಸೈನೈಡ್ ದಿಬ್ಬಗಳನ್ನು ನೋಡಲು ಅಲ್ಲ, ಅವಳು ಹುಟ್ಟಿದಾಗಿನಿಂದ ಅವು ಅಲ್ಲೇ ಇವೆ. ದಾರಿಯುದ್ದಕ್ಕೂ ಕಾಣುವ ತನ್ನ ಗೋಡೆಗಳನ್ನು ನೋಡಲು. ಒಂದು ಮಹಡಿಯ ಮೇಲೆ ನೀರಿನ ತೊಟ್ಟಿ, ಒಂದು ಶಾಲೆಯ ಕಾಂಪೌಂಡು, ರೈಲ್ವೆ ಗೇಟಿನ ಪಕ್ಕದ ಹಸಿರು ಬಣ್ಣದ ಮನೆ. ಪಕ್ಕದಲ್ಲಿ ಕೂತವರಿಗೆ ಆ ಹಸಿರು ಮನೆ ತೋರಿಸಿ ‘ಬಣ್ಣ ಅವರದು, ಗೋಡೆ ನಮ್ದು’ ಎನ್ನುವುದು ಅವಳ ರೂಢಿ. ಅವರು ಕೇಳಲಿ ಬಿಡಲಿ, ಹೇಳಿಯೇ ತೀರುತ್ತಾಳೆ.

ಅವಳು ಈ ಕೆಲಸಕ್ಕೆ ಬಂದದ್ದು ಚಿತ್ತಾಳಾಗಿ. ಇಟ್ಟಿಗೆ, ಗಾರೆ ತಲೆಯ ಮೇಲೆ ಹೊರುವ ಹೆಂಗಸಿಗೆ ಕೆಜಿಎಫ್‌ನಲ್ಲಿ ಎಲ್ಲರೂ ತಮಿಳಿನ ಆ ಹೆಸರನ್ನೇ ಹೇಳುತ್ತಾರೆ. ಆಗ ಅವಳ ಮೇಸ್ತ್ರಿ ಆರುಮುಗಂ. ನಂದಿದುರ್ಗ ಗಣಿಯ ಕೂಲಿಕಾರರ ಲೈನು ಮನೆಯಲ್ಲಿ ಹುಟ್ಟಿ ಬೆಳೆದ ಮನುಷ್ಯ. ಅವನ ಅಪ್ಪ ಗಣಿಯೊಳಗೆ ಮರದ ಕಂಬ ನಿಲ್ಲಿಸಿ ಬಂಡೆಗೆ ಆಸರೆ ಕೊಡುವ ಗ್ಯಾಂಗಿಗೆ ಮೇಸ್ತ್ರಿಯಾಗಿದ್ದವನು. ಆರುಮುಗಂಗೆ ಬೀಡಿ ಎಷ್ಟು ಇಷ್ಟವೋ ಅಪ್ಪನ ಕಥೆಗಳೂ ಅಷ್ಟೇ ಇಷ್ಟ. ಸಿಡಿಮದ್ದು ಹಾರಿಸಿದ ಮೇಲೆ ಆ ಸುರಂಗದೊಳಕ್ಕೆ ಮೊದಲು ಹೋಗುತ್ತಿದ್ದವನು ತನ್ನಪ್ಪನಂತೆ. ಕಬ್ಬಿಣದ ಸಲಾಕಿಯಿಂದ ತಲೆಯ ಮೇಲಿನ ಬಂಡೆಯನ್ನು ತಟ್ಟಿ, ಸದ್ದು ಕೇಳಿ, ಸರಿಯಿದೆ ಎಂದ ಮೇಲೆಯೇ ಉಳಿದವರು ಕಾಲಿಡುತ್ತಿದ್ದರಂತೆ.

ಹೆಂಗಸರಿಗೆ ಗಾರೆ ಹಚ್ಚುವ ಕರಣೆ ಹಿಡಿಯಲು ಯಾರೂ ಕಲಿಸುವುದಿಲ್ಲ. ಆರುಮುಗಂ ಕೂಡ ಕಲಿಸಲು ಹೊರಟವನಲ್ಲ. ಅವನ ಕಣ್ಣಿಗೆ ಪೊರೆ ಬಂತು, ಅಷ್ಟೇ. ಅದು ಆಚೆ ತಿಳಿದರೆ ಕೆಲಸ ಹೋಗುತ್ತದೆ. ಹಾಗಾಗಿ ಗಾರೆ ತಂದು ಸುರಿದ ಕದಿರಮ್ಮನನ್ನು ಪಕ್ಕಕ್ಕೆ ಕರೆದು, ‘ಕದಿರು, ಗುಂಡು ಗೋಡೆ ಮುಟ್ತದಾ? ಎಷ್ಟು ಸಂದು? ಮೆಲ್ಲ ಸೊಲ್ಲು’ ಎಂದು ತಮಿಳು ಬೆರೆಸಿ ಕಿವಿಯಲ್ಲಿ ಕೇಳುತ್ತಿದ್ದ. ಇವಳು ಬಾಂಡ್ಲಿ ಕೆಳಗಿಡುವ ನೆಪದಲ್ಲಿ ಬಗ್ಗಿ ನೋಡಿ ಹೇಳುತ್ತಿದ್ದಳು. ಹೀಗೆ ಅವನ ಕಣ್ಣಾದಳು. ಮುಂದೆ ಕೈಯೂ ನಡುಗತೊಡಗಿದಾಗ ಕೈಯೂ ಆದಳು. ಅವನು ಕಣ್ಮುಚ್ಚುವ ಹೊತ್ತಿಗೆ ಪಾಯದಿಂದ ತಾರಸಿಯವರೆಗೆ ಇಡೀ ಮನೆ ಎಬ್ಬಿಸುವ ವಿದ್ಯೆ ಒಬ್ಬ ಚಿತ್ತಾಳಿನ ತಲೆಯಲ್ಲಿತ್ತು. ಊರಿನವರಿಗೆ ಅದರ ಸುಳಿವೇ ಇರಲಿಲ್ಲ.

ಆಗ ಅವಳು ಮಾಡಿದ್ದೇನು? ಹಿಂದೆ ಮುಂದೆ ನೋಡದೆ ತಮ್ಮನನ್ನು ಹಿಡಿದು ಮುಂದೆ ನಿಲ್ಲಿಸಿದಳು. ಮುನಿರಾಜ್ ಆಗಿನ್ನೂ ಮರಳು ಜರಡಿ ಹಿಡಿಯುತ್ತಿದ್ದ. ‘ಎಂಗ್ಸು ಬಂದು ಮನೆ ಕಟ್ಕೊಡ್ತೀನಿ ಅಂದ್ರೆ ಯಾರ್ಲಾ ಕೊಡ್ತಾರೆ? ನೀನು ಮುಂದೆ ನಿಂತ್ಕೊ. ಕೆಲ್ಸ ನಾನು ನೋಡ್ಕೊತೀನಿ’ ಎಂದಳು. ಅವನು ನಿಂತ. ನಿಂತದ್ದೇನು, ಚೆನ್ನಾಗಿಯೇ ನಿಂತ. ಮಾತಿನಲ್ಲಿ ಚುರುಕು, ಆಳುಗಳಿಗೆ ಕೂಲಿ ತಪ್ಪಿಸುವವನಲ್ಲ, ಅಕ್ಕನ ಮೇಲೆ ಪ್ರಾಣ. ಅವನಲ್ಲಿ ಹುಡುಕಿದರೂ ಸಿಗುವ ಕೊರತೆ ಒಂದೇ. ಜನ ಮೇಸ್ತ್ರಿ, ಮೇಸ್ತ್ರಿ ಎಂದು ಕರೆದು ಕರೆದು, ತಾನೇ ಮೇಸ್ತ್ರಿ ಎಂದು ಅವನೂ ನಂಬಿಬಿಟ್ಟಿದ್ದ.

ಕದಿರಮ್ಮನಿಗೆ ಬೇಕಾಗಿದ್ದದ್ದು ಆ ಒಂದು ಮಾತು. ಅವಳು ಅದನ್ನು ಯಾರ ಮುಂದೆಯೂ ಬಾಯಿಬಿಟ್ಟು ಹೇಳಿರಲಿಲ್ಲ, ಬಚ್ಚಪ್ಪನ ಮುಂದೆ ಕೂಡ. ತಮಾಷೆ ನೋಡಿ, ಮುನಿರಾಜನ ಹೆಂಡತಿ ಮುನಿಲಕ್ಷ್ಮಿ ಒಂದು ದಿನವೂ ಇಟ್ಟಿಗೆ ಮುಟ್ಟಿದವಳಲ್ಲ. ಆದರೂ ಗಂಡನ ದೆಸೆಯಿಂದ ಬೀದಿಯಲ್ಲಿ ಎಲ್ಲರೂ ಅವಳನ್ನು ಮೇಸ್ತ್ರಮ್ಮ ಎಂದು ಕರೆಯುತ್ತಿದ್ದರು. ಕೊತ್ತಂಬರಿ ಮಾರುವವಳು ‘ಮೇಸ್ತ್ರಮ್ಮಾ, ಸೊಪ್ಪು’ ಎಂದು ಕೂಗಿದಾಗಲೆಲ್ಲ ಕದಿರಮ್ಮನ ಕತ್ತು ತಾನಾಗಿ ಆ ಕಡೆ ತಿರುಗುತ್ತಿತ್ತು. ಮುನಿಲಕ್ಷ್ಮಿಯ ಮೇಲಿನ ಹೊಟ್ಟೆಕಿಚ್ಚಲ್ಲ ಅದು. ತನ್ನ ವಸ್ತು ಇನ್ನೊಬ್ಬರ ಮನೆಯ ಮೊಳೆಗೆ ನೇತಾಡುತ್ತಿರುವುದನ್ನು ಕಂಡ ಸಂಕಟ.

ಹೀಗಿರುವಾಗ ಸುಧಾಕರ್ ಅವರ ಮನೆಯ ಕೆಲಸ ಬಂತು. ಸುಧಾಕರ್ ದಿನಾ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ಬಂದು ದುಡಿಯುವವರು. ಆಂಡರ್ಸನ್‌ಪೇಟೆಯ ಅಂಚಿನಲ್ಲಿ ತಾಯಿ ವೆಂಕಟರತ್ನಮ್ಮನಿಗೋಸ್ಕರ ಮನೆ ಕಟ್ಟಿಸಲು ಹೊರಟಿದ್ದರು. ನಕ್ಷೆ ಬರೆದವಳು ಸಹನ. ಬಂಗಾರಪೇಟೆಯ ಹುಡುಗಿ, ಓದು ಮುಗಿಸಿ ರಾಬರ್ಟ್‌ಸನ್‌ಪೇಟೆಯಲ್ಲಿ ಬಟ್ಟೆ ಅಂಗಡಿಯ ಮೇಲೊಂದು ಕೋಣೆ ಹಿಡಿದು ಆರ್ಕಿಟೆಕ್ಟ್ ಎಂದು ಬೋರ್ಡು ಹಾಕಿದ್ದಳು. ಅವಳು ಸ್ವಂತವಾಗಿ ಹಿಡಿದ ಮೊದಲ ಮನೆ ಇದು. ಮೊದಲ ದಿನ ಬಂದವಳು ಮುನಿರಾಜನ ಕೈಗೆ ನಕ್ಷೆ ಕೊಟ್ಟಳು. ಅವನು ಅದನ್ನು ತಿರುಗಿಸಿ ಮುರುಗಿಸಿ ನೋಡಿ ಅಕ್ಕನ ಕೈಗೆ ದಾಟಿಸಿದ. ಕದಿರಮ್ಮ ಅದನ್ನು ನೆಲದ ಮೇಲೆ ಹಾಸಿ ಉತ್ತರ ದಿಕ್ಕಿಗೆ ತಿರುಗಿಸಿ ಕೂತಳು. ಸಹನ ಬುದ್ಧಿವಂತೆ. ಅಂದಿನಿಂದ ಏನೇ ಕೇಳುವುದಿದ್ದರೂ ನೇರ ಕದಿರಕ್ಕನ ಹತ್ತಿರ ಹೋಗಿ ಕೇಳುತ್ತಿದ್ದಳು.

ಒಂದು ಮಧ್ಯಾಹ್ನ ಊಟಕ್ಕೆ ಎಲ್ಲರೂ ಹುಣಸೆಮರದ ಕೆಳಗೆ ಕೂತಿದ್ದರು. ಸಹನಳೂ ಡಬ್ಬಿ ತಂದಿದ್ದಳು, ಅದನ್ನು ಪಕ್ಕಕ್ಕಿಟ್ಟು ಕದಿರಮ್ಮನ ಹುರುಳಿ ಸಾರಿಗೆ ಕೈ ಹಾಕಿದ್ದಳು. ಕದಿರಮ್ಮ ಬಹಳ ದಿನದಿಂದ ಇಟ್ಟುಕೊಂಡಿದ್ದ ಪ್ರಶ್ನೆ ಕೇಳಿದಳು.

‘ಇಂಜಿನೀರು ಅಂದ್ರೆ ಗೊತ್ತು ಕಣಮ್ಮ. ನಿನ್ ಬೋರ್ಡ್‌ನಾಗೆ ಬರ್ದಿದ್ದೀಯಲ್ಲ, ಆರ್ಕಿಟೆಕ್ಟು, ಅಂಗಂದ್ರೇನು?’

‘ಅದು ಗ್ರೀಕರ ಮಾತು ಕದಿರಕ್ಕ, ತುಂಬ ಹಳೇದು’ ಎಂದಳು ಸಹನ. ‘ಎರಡು ಮಾತು ಸೇರಿ ಆಗಿರೋದು. ಆರ್ಖಿ ಅಂದ್ರೆ ಎಲ್ಲರಿಗಿಂತ ಮುಂದೆ ಇರೋನು. ತೆಕ್ತೋನ್ ಅಂದ್ರೆ ಬಡಗಿ. ಆಮೇಲೆ ಕಟ್ಟೋರಿಗೆಲ್ಲ ಅದೇ ಹೆಸರಾಯ್ತು. ಸಂಸ್ಕೃತದಲ್ಲಿ ಬಡಗಿಗೆ ತಕ್ಷ ಅಂತಾರಲ್ಲ, ಅದೂ ಇದೂ ಒಂದೇ ಬೇರಿನವಂತೆ. ಕಾಲೇಜಿನಲ್ಲಿ ಮೊದಲನೇ ದಿನ ನಮಗೆ ಪಾಠ ಮಾಡಿದ್ದೇ ಇದನ್ನ.’

‘ಅಂದ್ರೆ ಕಟ್ಟೋರ ಮುಂದಾಳು.’

‘ಹೂಂ, ಅಷ್ಟೇ. ಆಗ ನಕ್ಷೆ ಮಾಡೋರು, ಗೋಡೆ ಕಟ್ಟಿಸೋರು ಅಂತ ಈಗಿನ ಹಾಗೆ ಬೇರೆ ಬೇರೆ ಇರಲಿಲ್ಲ. ಬಿಸಿಲಲ್ಲಿ ನಿಂತು ಕಟ್ಟಿಸೋನೇ ಆರ್ಕಿಟೆಕ್ಟ್.’

‘ಮತ್ತೆ ಮೇಸ್ತ್ರಿ?’ ಎಂದ ಮುನಿರಾಜ್, ಮುದ್ದೆ ನುಂಗುತ್ತಾ. ‘ಅದು ನಮ್ಮ ಕನ್ನಡದ್ದೇ ಅಲ್ವಾ?’

ಬಾಗಿಲು ಮಾಡುವ ಬಡಗಿ ಗೋಪಿ ಅಂದು ಅಲ್ಲೇ ಇದ್ದ. ಅವನ ಮನೆಮಾತು ತೆಲುಗು. ‘ಕನ್ನಡದ್ದೆಲ್ಲಿಂದ ಬಂತು? ಮೇಸ್ತ್ರಿ ತೆಲುಗು ಕಣಯ್ಯ’ ಎಂದು ಕಡ್ಡಿ ಮುರಿದಂತೆ ಹೇಳಿದ. ಗಾರೆ ಕಲೆಸುವ ಇಬ್ಬರು ತಮಿಳು ಹೆಂಗಸರು ಇಬ್ಬರನ್ನೂ ನೋಡಿ ನಕ್ಕರು. ಅವರ ಪ್ರಕಾರ ಅದು ತಮಿಳೆಂಬುದರಲ್ಲಿ ಅನುಮಾನವೇ ಇರಲಿಲ್ಲ.

‘ಯಾರದ್ದೂ ಅಲ್ಲ’ ಎಂದಳು ಸಹನ. ‘ಪೋರ್ಚುಗೀಸರ ಜೊತೆ ಹಡಗಲ್ಲಿ ಬಂದದ್ದು. ಅವರು ಮೆಸ್ತ್ರೆ ಅಂತಾರೆ. ಗುರು ಅಂತ ಅರ್ಥ, ಕೆಲಸ ಬಲ್ಲವನು ಅಂತ. ನಮ್ಮವರು ಮೂರು ಭಾಷೆಯವರೂ ಹಂಚಿಕೊಂಡುಬಿಟ್ಟರು.’

ಕದಿರಮ್ಮ ಬೆರಳಿಗಂಟಿದ ಸಾರು ಚೀಪಿದಳು. ‘ಆ ಗ್ರೀಕ್ ಜನದ ಮುಂದಾಳು ಏನ್ ಮಾಡ್ತಿದ್ದ? ಯಜಮಾನಿಕೆ ಮಾಡ್ಕೊಂಡು ಕೂತಿರ್ತಿದ್ನಾ?’

‘ಕಟ್ಟಡ ಕೆಟ್ಟರೆ ಮೊದಲು ಅವನನ್ನೇ ಹಿಡಿದು ಕೇಳ್ತಿದ್ರು ಅಂತ ಕಾಣುತ್ತೆ. ಕಟ್ಟೋರೆಲ್ಲರ ಪರವಾಗಿ ಅವನೇ ಜವಾಬು ಹೇಳಬೇಕಲ್ಲ. ಹಾಗೆ ನೋಡಿದ್ರೆ ಈ ಸೈಟಲ್ಲಿ ಆ ಹೆಸರು ನನಗಿಂತ ನಿಮಗೇ ಹೊಂದುತ್ತೆ ಕದಿರಕ್ಕ.’

‘ತಮಾಸೆ ಮಾಡ್ಬ್ಯಾಡ ಓಗಮ್ಮ’ ಎಂದು ಕದಿರಮ್ಮ ಕೈ ತೊಳೆಯಲು ಎದ್ದಳು. ಆದರೆ ಅಂದು ಸಂಜೆ ರೈಲಿನಲ್ಲಿ ಅವಳು ಹಸಿರು ಮನೆಯನ್ನು ಯಾರಿಗೂ ತೋರಿಸಲಿಲ್ಲ. ಒಳಗೊಳಗೇ ಉಬ್ಬಿಹೋಗಿದ್ದಳು, ಮಾತಾಡಿದರೆ ಎಲ್ಲಿ ಚೆಲ್ಲಿಹೋಗುತ್ತದೋ ಎಂದು ತುಟಿ ಬಿಗಿಹಿಡಿದು ಕೂತಿದ್ದಳು.

ಸಹನ ಆ ಮಾತನ್ನು ಅಷ್ಟಕ್ಕೇ ಬಿಡಲಿಲ್ಲ. ಮುಂಬಾಗಿಲು ನಿಲ್ಲಿಸುವ ಶಾಸ್ತ್ರ ಹತ್ತಿರ ಬಂದಿತ್ತು. ಗೋಡೆ ಇನ್ನೂ ಮೊಣಕಾಲುದ್ದ ಇರುವಾಗಲೇ ಒಳ್ಳೆಯ ಗಳಿಗೆ ನೋಡಿ, ಹೊಸಲಿನ ಕೆಳಗೆ ನವಧಾನ್ಯ ಹಾಕಿ, ಬಾಗಿಲ ಚೌಕಟ್ಟನ್ನು ಎತ್ತಿ ನಿಲ್ಲಿಸಿ ಪೂಜೆ ಮಾಡುತ್ತಾರೆ. ಆಮೇಲೆ ಮನೆಯ ಯಜಮಾನರು ನೆಂಟರಿಷ್ಟರ ಎದುರಿಗೆ ಮೇಸ್ತ್ರಿಯ ತಲೆಗೆ ಹೊಸ ಟವಲ್ ಸುತ್ತಿ ತಾಂಬೂಲ ಕೊಡುತ್ತಾರೆ. ಈವರೆಗೆ ಆ ಟವಲುಗಳೆಲ್ಲ ಮುನಿರಾಜನ ತಲೆಗೇ ಹೋಗಿದ್ದವು. ಸಹನ ಹೋಗಿ ಸುಧಾಕರ್ ಬಳಿ, ಈ ಮನೆ ಕಟ್ಟುತ್ತಿರುವುದು ಕದಿರಕ್ಕ, ಮರ್ಯಾದೆ ಅವರಿಗೇ ಸಲ್ಲಬೇಕು ಎಂದಳು. ಸುಧಾಕರ್‌ಗೆ ಆಶ್ಚರ್ಯವಾಯಿತೇ ಹೊರತು ಅಡ್ಡಿಯೇನೂ ಕಾಣಲಿಲ್ಲ. ಮುನಿರಾಜನನ್ನು ಕೇಳಿದಾಗ, ‘ಆಯ್ತು ಬುಡಿ, ಅಕ್ಕಂಗೇ ಕೊಡಿ’ ಎಂದ. ಎಂದವನ ಮುಖ ಮಾತ್ರ ಎರಡು ದಿನ ಸಪ್ಪಗಿತ್ತು.

ಈ ಸುದ್ದಿ ಕೇಳಿ ಬಚ್ಚಪ್ಪ ಡೇರಿಯಲ್ಲಿ ಹಾಲು ಹಾಕುವವರಿಗೆಲ್ಲ ಡಂಗುರ ಸಾರಿದ. ‘ನಮ್ಮವಳ್ಗೆ ಟವಲ್ ಕಟ್ತಾರಂತೆ’ ಎಂದು ಅವನು ಹೇಳಿದ ರೀತಿಗೆ, ಕೇಳಿದವರು ಎಲ್ಲೋ ಪಟ್ಟಾಭಿಷೇಕವೆಂದು ತಿಳಿಯಬೇಕು. ಕದಿರಮ್ಮ ಬೈದು ಸುಮ್ಮನಿರಿಸಿದಳು. ಬೈಯುವಾಗಲೂ ನಗು ತಡೆಯಲಾಗಲಿಲ್ಲ.

ಇತ್ತ ಇನ್ನೊಂದು ಸಂಗತಿ ನಡೆದಿತ್ತು, ಅದು ಕದಿರಮ್ಮನಿಗೂ ವೆಂಕಟರತ್ನಮ್ಮನಿಗೂ ಮಾತ್ರ ಗೊತ್ತು. ಪಾಯ ಮುಗಿದು ಗೋಡೆಯ ಮೊದಲ ಇಟ್ಟಿಗೆ ಸಾಲು ಇಡುವ ಮುನ್ನ ಆ ಮುದುಕಿ ಕದಿರಮ್ಮನನ್ನು ಪಕ್ಕಕ್ಕೆ ಕರೆದಿದ್ದಳು. ‘ಕದಿರಮ್ಮಾ, ನಮ್ಮ ನಡುಮನೆಗೆ ಆಯ ಏನು ಬರ್ತದೆ ನೋಡಿದ್ಯಾ?’

ಆಯವೆಂದರೆ ನಮ್ಮ ಕಡೆ ಹಳಬರು ಬಿಡದ ಲೆಕ್ಕ. ಕೋಣೆಯ ಉದ್ದಗಲ ಗುಣಿಸಿ, ಎಂಟರಿಂದ ಭಾಗಿಸಿ, ಉಳಿದದ್ದನ್ನು ನೋಡಿ ಇದು ಆನೆಯ ಆಯ, ಇದು ಸಿಂಹದ್ದು, ಇದು ಕಾಗೆಯದು ಎಂದು ಹೇಳುತ್ತಾರೆ. ಆನೆ, ಸಿಂಹ ಬಂದರೆ ಮನೆಗೆ ಒಳ್ಳೆಯದು. ಕಾಗೆ ಬಂದರೆ ಆ ಮನೆಯಲ್ಲಿ ಮುದುಕಿಯರಿಗೆ ನಿದ್ದೆ ಬರುವುದಿಲ್ಲ. ಕದಿರಮ್ಮ ಬೆರಳು ಮಡಿಚಿ ಲೆಕ್ಕ ಹಾಕಿ ನೋಡಿದಳು. ಕಾಗೆಯೇ ಬಂತು.

‘ಅಯ್ಯೋ, ಎಂಗಾದ್ರೂ ಸರಿ ಮಾಡು ತಲ್ಲಿ’ ಎಂದು ತೆಲುಗು ಮನೆಮಾತಿನ ವೆಂಕಟರತ್ನಮ್ಮ ಅವಳ ಕೈ ಹಿಡಿದಳು. ‘ಮಾ ಸುಧಾಕರ್‌ಗೆ ಹೇಳಬೇಡ. ನಗ್ತಾನೆ.’

ಕದಿರಮ್ಮನಿಗೆ ಇದೇನು ಹೊಸದಲ್ಲ. ಎಷ್ಟೋ ಮನೆಗಳಲ್ಲಿ ಎಷ್ಟೋ ಮುದುಕಿಯರಿಗೆ ಆನೆ ತಂದುಕೊಟ್ಟವಳು ಅವಳು. ನಡುಮನೆಗೂ ಮುಂಬಾಗಿಲಿನ ಹಜಾರಕ್ಕೂ ಮಧ್ಯೆ ಇರುವ ಗೋಡೆಯನ್ನು ಹಜಾರದ ಕಡೆಗೆ ನಾಲ್ಕು ಬೆರಳು ಸರಿಸಿ ದಾರ ಕಟ್ಟಿದಳು. ಕೆಳಗಿನ ಕಲ್ಲುಪಾಯ ಅಗಲವಾಗಿತ್ತು, ಗೋಡೆ ಅದರ ಮೇಲೆ ಆರಾಮಾಗಿ ಕೂತಿತು. ಆನೆ ಬಂತು. ಮುದುಕಿ ಸಂತೋಷದಿಂದ ಅವಳಿಗೆ ಎರಡು ಬಾಳೆಹಣ್ಣು ಕೊಟ್ಟಳು. ನಾಲ್ಕು ಬೆರಳಿನ ವಿಷಯ ಕದಿರಮ್ಮ ಯಾರಿಗೂ ಹೇಳಲಿಲ್ಲ. ಮುಚ್ಚಿಡಬೇಕೆಂದಲ್ಲ. ಇಷ್ಟು ವರ್ಷ ಹಿಂದೆ ನಿಂತೇ ಎಲ್ಲವನ್ನೂ ಸದ್ದಿಲ್ಲದೆ ಸರಿಮಾಡುತ್ತ ಬಂದವಳಿಗೆ, ಹೇಳಬೇಕು ಎಂಬ ಅಭ್ಯಾಸವೇ ಇರಲಿಲ್ಲ. ಯಾರಾದರೂ ಕೇಳಿದರೆ ಮುನಿರಾಜ್ ಏನೋ ಒಂದು ಹೇಳಿಕೊಳ್ಳುತ್ತಿದ್ದ, ಅಲ್ಲಿಗೆ ಮುಗಿಯುತ್ತಿತ್ತು.

ಈ ಸಲ ಅಲ್ಲಿಗೆ ಮುಗಿಯಲಿಲ್ಲ. ಸಹನ ಬರೆದಿದ್ದ ಬಾಗಿಲು ಬರೀ ಬಾಗಿಲಲ್ಲ. ಪಕ್ಕಕ್ಕೆ ಉದ್ದ ಕಿಟಕಿ ಕೂಡಿಸಿದ, ಹಜಾರದ ಈ ಗೋಡೆಯಿಂದ ಆ ಗೋಡೆಯವರೆಗೆ ಬರುವ ಒಂದೇ ಚೌಕಟ್ಟು. ಗೋಪಿ ಅದನ್ನು ಬಂಗಾರಪೇಟೆಯ ತನ್ನ ಶೆಡ್ಡಿನಲ್ಲಿ, ನಕ್ಷೆಯಲ್ಲಿದ್ದ ಅಳತೆಗೆ, ತೇಗದ ಮರದಲ್ಲಿ ಮಾಡಿದ್ದ. ಸೈಟಿನಲ್ಲಿ ಮತ್ತೆ ಅಳತೆ ಹಿಡಿಯುವ ಗೋಜಿಗೆ ಅವನು ಹೋಗಿರಲಿಲ್ಲ. ನಕ್ಷೆ ಅಷ್ಟು ಚೆಂದ ಇತ್ತು.

ಶಾಸ್ತ್ರದ ದಿನ ಬೆಳಿಗ್ಗೆ ನೆಂಟರು ಬಂದರು. ಪುರೋಹಿತರು ಬಂದು ಮಡಿಲಲ್ಲಿ ಪಂಚಾಂಗ ಇಟ್ಟುಕೊಂಡು ಕೂತರು. ಕದಿರಮ್ಮ ಅಂದು ಸೀರೆಯ ಮೇಲೆ ತೊಡುವ ಗಂಡಸಿನ ಅಂಗಿ ಬಿಟ್ಟು, ತಂಗಿ ಮಗಳ ಮದುವೆಗೆ ತೆಗೆದ ನೀಲಿ ಸೀರೆ ಉಟ್ಟು, ತಲೆಗೆ ಹೂ ಮುಡಿದು ಬಂದಿದ್ದಳು. ಬಚ್ಚಪ್ಪನೂ ಹಸುಗಳನ್ನು ಪಕ್ಕದ ಮನೆಯವರಿಗೆ ಒಪ್ಪಿಸಿ ಬಂದು, ಹುಣಸೆಮರಕ್ಕೆ ಒರಗಿ ನಿಂತಿದ್ದ. ವೆಂಕಟರತ್ನಮ್ಮನ ಕೈಯ ತಟ್ಟೆಯಲ್ಲಿ ಎಲೆ ಅಡಿಕೆ, ಹಣ್ಣು, ಮಡಿಚಿಟ್ಟ ಹೊಸ ಟವಲ್. ಕದಿರಮ್ಮ ಆ ತಟ್ಟೆಯ ಕಡೆ ನೋಡಬಾರದು ಎಂದುಕೊಂಡೇ ಮತ್ತೆ ಮತ್ತೆ ನೋಡುತ್ತಿದ್ದಳು.

ಪುರೋಹಿತರು ಗಳಿಗೆ ಬಂತು ಎಂದರು. ಮುನಿರಾಜ್, ಗೋಪಿ ಮತ್ತು ಆಳುಗಳು ಚೌಕಟ್ಟನ್ನು ಎತ್ತಿದರು. ಒಂದು ಬದಿ ಕೂತಿತು. ಇನ್ನೊಂದು ಬದಿ ಗೋಡೆಗೆ ತಾಗಿ ನಿಂತುಬಿಟ್ಟಿತು. ತಿರುಗಿಸಿದರು, ಓರೆ ಮಾಡಿದರು, ಗೋಪಿ ಭುಜ ಕೊಟ್ಟು ದೂಡಿದ. ಹೊಸ ಗೋಡೆಯ ಗಾರೆ ಉದುರಿತು. ಚೌಕಟ್ಟು ಒಳಗೆ ಹೋಗಲಿಲ್ಲ. ನಾಲ್ಕು ಬೆರಳು ಹೆಚ್ಚಿತ್ತು.

ಕದಿರಮ್ಮನಿಗೆ ಅದು ಎಲ್ಲರಿಗಿಂತ ಮೊದಲು ತಿಳಿಯಿತು.

‘ಅಳತೆ ತಪ್ಪಿದ್ದು ನಂದಲ್ಲ’ ಎಂದ ಗೋಪಿ ಎಲ್ಲರಿಗೂ ಕೇಳುವಂತೆ. ‘ನಕ್ಷೆ ತಂದು ನೋಡ್ಕೊಳ್ಳಿ.’

ಸಹನ ಟೇಪು ತೆಗೆದು ಚೌಕಟ್ಟು ಅಳೆದಳು, ಹಜಾರ ಅಳೆದಳು. ಅವಳ ಮುಖ ಬಿಳಿಚಿಕೊಂಡಿತು. ಮೊದಲ ಮನೆ, ಮೊದಲ ಬಾಗಿಲು, ಇಷ್ಟು ಜನ. ನೆಂಟರಲ್ಲಿ ಯಾರೋ ಅಪಶಕುನ ಎಂದು ಪಿಸುಗುಟ್ಟಿದರು. ವೆಂಕಟರತ್ನಮ್ಮ ತಟ್ಟೆಯನ್ನು ಕೆಳಗಿಟ್ಟು ನೆಂಟರಿಗೆ ಹಾಸಿದ್ದ ಕಂಬಳಿಯ ಮೇಲೆ ಕುಸಿದು ಕೂತಳು. ಅವಳಿಗೂ ತಿಳಿದಿತ್ತು.

ಸುಧಾಕರ್ ಸಿಟ್ಟು ಮಾಡುವವರಲ್ಲ. ಅಂದು ಮಾಡಿದರು. ‘ಮುಹೂರ್ತ ಮೀರಿ ಹೋಗ್ತಾ ಇದೆ. ಯಾರು ಮಾಡಿದ್ದು ಇದನ್ನ? ಈ ಮನೆಗೆ ಮೇಸ್ತ್ರಿ ಯಾರು?’

ಎಲ್ಲರ ಕಣ್ಣೂ ಅಭ್ಯಾಸದಂತೆ ಮುನಿರಾಜನ ಕಡೆ ತಿರುಗಿತು. ಮುನಿರಾಜ್ ಅಕ್ಕನ ಮುಖ ನೋಡಿದ. ನೋಡಿದೊಡನೆ ಅವನಿಗೆ ಎಲ್ಲವೂ ಗೊತ್ತಾಯಿತು. ಎಷ್ಟೆಂದರೂ ಒಡಹುಟ್ಟಿದವನು. ಚೌಕಟ್ಟಿನಿಂದ ಒಂದು ಕೈ ತೆಗೆದು ಎದೆಯ ಮೇಲಿಟ್ಟುಕೊಂಡು, ತಪ್ಪು ನಂದೇ ಎಂದು ಹೇಳಲು ಬಾಯಿ ತೆರೆದ.

ಒಂದು ಗಳಿಗೆ ಸುಮ್ಮನಿದ್ದಿದ್ದರೆ ಸಾಕಿತ್ತು. ಬೈಗುಳ ತಮ್ಮನಿಗೆ ಹೋಗುತ್ತಿತ್ತು, ಅವನಿಗದು ಹೊಸದಲ್ಲ, ಸಂಜೆಗೆ ಮರೆಯುತ್ತಿದ್ದ. ಕದಿರಮ್ಮ ನೀಲಿ ಸೀರೆಯಲ್ಲಿ, ಹೂ ಮುಡಿದುಕೊಂಡು, ಯಾರ ಮಾತೂ ತಾಗದೆ ಮೇಸ್ತ್ರಿಯ ಅಕ್ಕನಾಗಿಯೇ ಮನೆಗೆ ಹೋಗಬಹುದಿತ್ತು. ಇಷ್ಟು ವರ್ಷ ಆಸೆಪಟ್ಟ ಮಾತು ಈಗ ಅವಳ ಎದುರಿಗೇ ಬಂದು ನಿಂತಿತ್ತು, ಆದರೆ ಬಂದದ್ದು ಹಾರ ಹಿಡಿದುಕೊಂಡಲ್ಲ. ಆದರೂ ಜನರ ನಡುವೆ ದಾರಿ ಮಾಡಿಕೊಂಡು ಹೋಗಿ, ತಮ್ಮನಿಗೂ ಸುಧಾಕರ್‌ಗೂ ಮಧ್ಯೆ ನಿಂತಳು.

‘ನಾನು ಸಾರ್’ ಎಂದಳು. ‘ಈ ಮನೆಗೆ ಮೇಸ್ತ್ರಿ ನಾನು. ಈ ಗೋಡೆಗೆ ದಾರ ಕಟ್ಟಿದ್ದು ನಾನು. ನಾಲ್ಕು ಬೆರಳು ಈಚೆಗೆ ತಂದಿದ್ದೂ ನಾನೇ. ನಡುಮನೆಗೆ ಆಯ ನೋಡಿ ಸರಿಸ್ದೆ. ಸಹನಮ್ಮಂಗೆ ಯೇಳ್ಬೇಕಿತ್ತು, ಯೇಳಿಲ್ಲ. ಗೋಪಿಗೂ ಯೇಳಿಲ್ಲ. ಅವ್ರ ತಪ್ಪಿಲ್ಲ, ನನ್ ತಮ್ಮಂದೂ ಇಲ್ಲ.’

ಯಾರಿಗೋಸ್ಕರ ಸರಿಸಿದೆ ಎಂಬುದನ್ನು ಮಾತ್ರ ಅವಳು ಬಾಯಿಬಿಡಲಿಲ್ಲ. ಕಂಬಳಿಯ ಕಡೆ ತಿರುಗಿಯೂ ನೋಡಲಿಲ್ಲ.

ಸುಧಾಕರ್‌ಗೆ ಬೈಯಲು ಇನ್ನೂ ಬೇಕಾದಷ್ಟು ಇತ್ತು, ಆದರೆ ಬಂದು ಎದುರಿಗೇ ನಿಂತು ಎಲ್ಲವನ್ನೂ ಒಪ್ಪಿಕೊಂಡವರನ್ನು ಬೈಯುವುದು ಹೇಗೆ? ‘ಈಗೇನು ಮಾಡೋದು?’ ಎಂದರು, ದನಿ ಇಳಿಸಿ.

‘ಸಾಮಿ, ಎಷ್ಟೊತ್ತು ಐತೆ?’ ಎಂದು ಕದಿರಮ್ಮ ಪುರೋಹಿತರನ್ನು ಕೇಳಿದಳು. ರಾಹುಕಾಲ ಬರುವ ತನಕ ಇದೆ, ಇನ್ನೊಂದು ಮುಕ್ಕಾಲು ಗಂಟೆ ಎಂದರು ಅವರು. ‘ಸಾಕು’ ಎಂದವಳೇ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ‘ಸಾರ್, ಆ ಟವಲ್ ವಿಸ್ಯ ಆಮೇಲೆ ನೋಡಾನ. ಇವತ್ತು ನಂಗದು ಬ್ಯಾಡ, ಮನೆ ಮುಗ್ದ ದಿನ ಕೊಟ್ರೆ ಇಸ್ಕೊಂತೀನಿ. ಮೊದ್ಲು ಬಾಗ್ಲು ನಿಲ್ಲಿಸ್ತೀನಿ.’

ಆಮೇಲೆ ಅಲ್ಲಿ ನಡೆದದ್ದನ್ನು ಆಂಡರ್ಸನ್‌ಪೇಟೆಯ ಜನ ಈಗಲೂ ಹೇಳುತ್ತಾರೆ. ನೆಂಟರೆಲ್ಲ ಬೆಳ್ಳಿ ಲೋಟದಲ್ಲಿ ಕಾಫಿ ಹಿಡಿದು ನೋಡುತ್ತಿದ್ದಂತೆ, ರೇಷ್ಮೆಯಂಥ ನೀಲಿ ಸೀರೆಯ ಹೆಂಗಸು ಗಾರೆಯಲ್ಲಿ ಮಂಡಿಯೂರಿದಳು. ಹಸಿಗೋಡೆಯ ಇಟ್ಟಿಗೆಗಳನ್ನು ಕರಣೆಯಿಂದ ಎಬ್ಬಿಸಿ, ತಾನೇ ಕಟ್ಟಿದ ಗೋಡೆಯನ್ನು ತಾನೇ ಬಿಚ್ಚಿದಳು. ‘ನೀನು ಇಟ್ಗೆ ಕೆರೆದು ಜೋಡ್ಸು. ನೀನು ಗಾರೆ ತಾ, ಗಟ್ಟಿಯಾಗಿರ್ಲಿ. ಗೋಪಿ, ಚೌಕಟ್ಟು ನೆರಳಾಗೆ ಇಕ್ಕು. ಸಹನಮ್ಮ, ಇಲ್ ಬಾ, ದಾರದ ಆ ತುದಿ ಇಡ್ಕೊ. ನಿನ್ ನಕ್ಷೆ ಪ್ರಕಾರನೇ ಕಟ್ತೀನಿ, ನೀನೇ ಅಳ್ದು ಯೇಳು.’ ದನಿ ಎತ್ತಿರಲಿಲ್ಲ. ಎತ್ತುವ ಅಗತ್ಯವೂ ಬೀಳಲಿಲ್ಲ. ಹೇಳಿದ್ದೆಲ್ಲ ಹೇಳಿದ ಕೂಡಲೇ ಆಗುತ್ತಿತ್ತು. ಅಷ್ಟು ವರ್ಷ ಅವಳು ಇದೇ ಮಾತುಗಳನ್ನು ತಮ್ಮನ ಕಿವಿಯಲ್ಲಿ ಹೇಳಿ, ಅವನಿಂದ ಕೂಗಿಸುತ್ತಿದ್ದಳು.

ಸಹನ ದಾರದ ತುದಿ ಹಿಡಿದು ಕೂತು ಮೆಲ್ಲಗೆ ಕೇಳಿದಳು, ‘ಆಯ ಬೇಕು ಅಂತ ನನಗೆ ಒಂದು ಮಾತು ಹೇಳಿದ್ರೆ ನಕ್ಷೆಯಲ್ಲೇ ಹಾಕ್ತಿದ್ದೆನಲ್ಲ ಕದಿರಕ್ಕ?’

‘ತಪ್ಪಾಯ್ತು ಕಣಮ್ಮ. ಇನ್ಮೇಲೆ ಯೇಳ್ತೀನಿ. ಒಳಗಡೆ ಗಾರೆ ಒಂದು ಬೆರಳು ದಪ್ಪ ಎಳ್ದು ನೋಡಾನ, ಇನ್ನೊಂದು ಒಳ್ಳೆ ಆಯ ಬರ್ಬೋದು’ ಎಂದಳು ಕದಿರಮ್ಮ, ಇಟ್ಟಿಗೆಯಿಂದ ಕಣ್ಣು ತೆಗೆಯದೆ. ಹಿಂದೆ ಕಂಬಳಿಯ ಮೇಲೆ ಕೂತಿದ್ದ ವೆಂಕಟರತ್ನಮ್ಮನಿಗೆ ತಡೆಯಲಾಗಲಿಲ್ಲ. ಎದ್ದು ಬಂದು ಮಗನ ತೋಳು ಹಿಡಿದು, ‘ಕದಿರಮ್ಮನ್ನ ಏನೂ ಅನಬೇಡ ನಾಯ್ನಾ. ಆಯ ಕೇಳಿದ್ದು ನಾನು’ ಎಂದುಬಿಟ್ಟಳು. ಸುಧಾಕರ್ ತಾಯಿಯನ್ನೂ ಕದಿರಮ್ಮನನ್ನೂ ಒಬ್ಬರಾದ ಮೇಲೊಬ್ಬರನ್ನು ನೋಡಿದರು. ಆಮೇಲೆ ಪ್ಯಾಂಟು ಮಡಿಚಿಕೊಂಡು ಇಟ್ಟಿಗೆ ಕೊಡಲು ಸಾಲಿನಲ್ಲಿ ನಿಂತರು.

ಗೋಡೆ ತನ್ನ ಜಾಗಕ್ಕೆ ಹೋಯಿತು. ಪುರೋಹಿತರು ಮತ್ತೆ ಮಂತ್ರ ಶುರುಮಾಡಿದರು. ಚೌಕಟ್ಟನ್ನು ಎತ್ತಿದರು, ಈ ಸಲ ಅದು ಎರಡು ಗೋಡೆಗಳ ನಡುವೆ ಸಲೀಸಾಗಿ ಇಳಿದು ಹೊಸಲಿನ ಜಾಗದಲ್ಲಿ ಕೂತಿತು. ಒಂದು ಕಡೆ ಗೋಪಿ, ಇನ್ನೊಂದು ಕಡೆ ಮುನಿರಾಜ್ ಅದನ್ನು ತಬ್ಬಿ ಹಿಡಿದು ನಿಂತರು. ಬಾಗಿಲು ನಿಲ್ಲಿಸುವಾಗ ಒಂದು ಕಟ್ಟುನಿಟ್ಟಿದೆ. ಮೇಸ್ತ್ರಿ ಗುಂಡು ನೋಡಿ, ಸರಿ ಎಂದು ಬಾಯಿಬಿಟ್ಟು ಹೇಳುವವರೆಗೆ ಹಿಡಿದವರು ಕೈ ಬಿಡುವ ಹಾಗಿಲ್ಲ. ಬೆವರು ಕಣ್ಣಿಗೆ ಇಳಿದರೂ ಒರೆಸುವ ಹಾಗಿಲ್ಲ. ಬೇರೆ ಮನೆಗಳಲ್ಲಿ ಕದಿರಮ್ಮ ಗುಂಡು ನೋಡಿ ತಮ್ಮನಿಗೆ ಕಣ್ಸನ್ನೆ ಮಾಡುತ್ತಿದ್ದಳು, ಸರಿ ಎಂದು ಗಟ್ಟಿಯಾಗಿ ಹೇಳುತ್ತಿದ್ದವನು ಅವನು.

ಕದಿರಮ್ಮ ದಾರ ಇಳಿಬಿಟ್ಟಳು. ಗುಂಡು ತೂಗಾಡಿತು, ನಿಧಾನವಾಯಿತು, ನಿಂತಿತು. ಈ ಬದಿ ನೋಡಿದಳು, ಸುತ್ತಿ ಹೋಗಿ ಆ ಬದಿ ನೋಡಿದಳು. ಕೂದಲೆಳೆಯಷ್ಟೂ ವ್ಯತ್ಯಾಸ ಇರಲಿಲ್ಲ. ಅಭ್ಯಾಸದಂತೆ ತಲೆಯೆತ್ತಿ ತಮ್ಮನಿಗೆ ಕಣ್ಸನ್ನೆ ಮಾಡಿದಳು.

ಮುನಿರಾಜ್ ಅದನ್ನು ಕಂಡ. ಕಂಡರೂ ಚೌಕಟ್ಟು ಬಿಡಲಿಲ್ಲ, ಸರಿ ಎನ್ನಲೂ ಇಲ್ಲ. ಬೆವರು ಅವನ ಮೂಗಿನ ತುದಿಯಿಂದ ತೊಟ್ಟಿಕ್ಕುತ್ತಿತ್ತು. ನೆಂಟರಿಗೂ ಪುರೋಹಿತರಿಗೂ ಹುಣಸೆಮರದ ಕೆಳಗಿನ ಬಚ್ಚಪ್ಪನಿಗೂ ಕೇಳುವಂತೆ, ಆಳು ಮೇಸ್ತ್ರಿಯನ್ನು ಕೇಳುವ ದನಿಯಲ್ಲೇ ಕೇಳಿದ.

‘ಕೈ ಬುಡಾನಾ, ಮೇಸ್ತ್ರಿ?’

ಕದಿರಮ್ಮನ ಕಣ್ಣು ಮಂಜಾಗಿತ್ತು. ಮಂಜಾದ ಕಣ್ಣಿನಲ್ಲಿ ಗುಂಡು ಸರಿಯಾಗಿ ಕಾಣಲಿಲ್ಲ. ಅವಳು ಕಣ್ಣೊರೆಸಿಕೊಂಡು, ಅವರಿಬ್ಬರನ್ನೂ ಹಾಗೇ ಕಾಯಿಸಿ, ಇನ್ನೊಂದು ಸಲ ಎರಡು ಬದಿಯನ್ನೂ ಸುತ್ತಿ ಬಂದು ನೋಡಿದಳು. ಆಮೇಲೆ ಹೇಳಿದಳು.

‘ಸರಿ ಐತೆ. ಬುಡ್ರಿ.’